ಒಂದು ನಳಿಕೆ ಹೆಚ್ಚು ರಕ್ತ

ಒದ್ದೆ ಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಾಗ ಏಳುವ ಆ ವಾಸನೆ, ಅಮ್ಮನ ಹೊಲಿಗೆ ಕೋಣೆಯದು, ಆಸ್ಪತ್ರೆಯ ಈ ಕುರ್ಚಿಗೆ ಎಲ್ಲಿಂದ ಬಂತು, ತಲೆಯೊಳಗೆ ಗಡ್ಡೆ ತೆಗೆದ ಜಾಗದಿಂದಲೇ ಇರಬೇಕು, ಇಲ್ಲದ ವಾಸನೆ ಬಂದರೆ ಹೇಳಿ ಅಂದಿದ್ದರಲ್ಲ ಡಾಕ್ಟರು, ಹೇಳುವುದುಂಟೇ, ಮತ್ತೆ ತಲೆ ಬಿಚ್ಚುತ್ತಾರೆ, ಕುರ್ಚಿಯಲ್ಲಿ ಕೂತ ಅವಳೂ ಅಮ್ಮನಂತೆ ದರ್ಜಿಯೇ, ಬಿಚ್ಚಿ ಹೊಲಿದ ಬಟ್ಟೆ ಎಷ್ಟು ಸಲ ತಡೆದೀತು — ಅಗೋ, ಇಸ್ತ್ರಿಯಾದ ಹೊದಿಕೆಗಳ ಗಾಡಿ ಹೋಗುತ್ತಿದೆ, ಸದ್ಯ, ವಾಸನೆ ಅದರದ್ದೇ. ಆದರೆ ಬೆಳಿಗ್ಗೆ ನರ್ಸು ಒಂದು ನಳಿಕೆ ಹೆಚ್ಚು ರಕ್ತ ಎಳೆದದ್ದು ಸುಳ್ಳಲ್ಲ, ಯಾಕಮ್ಮಾ ಇದು, ಉರಿಯೂತ ನೋಡೋಕೆ ಅಜ್ಜಿ, ಮೈಯೊಳಗೆ ಬಾವು ಗೀವು ಇದ್ರೆ ರಕ್ತದಲ್ಲಿ ಗೊತ್ತಾಗುತ್ತೆ, ಬಾವಂತೆ ಬಾವು, ಗಡ್ಡೆ ಮರಳಿ ಬಂದಿದ್ದಕ್ಕೆ ಇವರಿಟ್ಟ ಮುದ್ದಿನ ಹೆಸರು. ಗಂಡನೂ ಅವರ ಕಡೆಯೇ, ಬಾಗಿಲಾಚೆ ಡಾಕ್ಟರ ಜೊತೆ ಗುಸುಗುಸು, ಇವಳನ್ನು ಕಂಡರೆ ಬಾಯಿಗೆ ಬೀಗ. ಬಂದಾಗಲೆಲ್ಲ ಡಾಕ್ಟರದ್ದು ಅದೇ ಪ್ರಶ್ನೆ, ನಿದ್ದೆ ಬರುತ್ತಾ, ಊಟ ಸೇರುತ್ತಾ, ಸುಮ್ಮಸುಮ್ಮನೆ ಅಳು ಬರುತ್ತಾ — ಮಿದುಳಿನ ಪರೀಕ್ಷೆಯಲ್ಲದೆ ಮತ್ತೇನು, ತಪ್ಪಿದರೆ ಸೀದಾ ಆಪರೇಷನ್ನು, ಅದಕ್ಕೇ ಕನ್ನಡಿಯೆದುರು ಬಾಯಿಪಾಠ, ಭೇಷಾದ ನಿದ್ದೆ, ಹೊಟ್ಟೆತುಂಬ ಊಟ, ಅಳುವೇ ಇಲ್ಲ ಡಾಕ್ಟ್ರೇ, ನಲ್ಲಿ ಬಿಟ್ಟುಕೊಂಡು ಬಚ್ಚಲಲ್ಲಿ ಅತ್ತದ್ದು ನೀರಿಗೆ ಹೋಯಿತು, ತಟ್ಟೆಯ ಅನ್ನ ಕಾಗೆಗಳಿಗೆ.

ಈಗ ಇಬ್ಬರನ್ನೂ ಒಳಗೆ ಕರೆದು ಡಾಕ್ಟರು ಕನ್ನಡಕ ತೆಗೆದಿಟ್ಟಿದ್ದಾರೆ, ಬಂತು, ಹೇಳಿಯೇಬಿಡುತ್ತಾರೆ — ಸ್ಕ್ಯಾನ್ ಚೆನ್ನಾಗಿದೆ ಅಮ್ಮಾ, ಗಡ್ಡೆ ಬಂದಿಲ್ಲ, ರಕ್ತದಲ್ಲಿ ಉರಿಯೂತದ ಅಂಶ ಮಾತ್ರ ಏರಿದೆ, ಹಾಗೆ ಏರಿದವರಲ್ಲಿ ಕೆಲವರಿಗೆ ಮನಸ್ಸೂ ಕುಗ್ಗಿರುತ್ತೆ, ಎಲ್ಲರಿಗೂ ಅಲ್ಲ, ರಕ್ತ ನೋಡಿ ಮನಸ್ಸು ಹೀಗೇ ಅಂತ ಹೇಳೋಕಾಗಲ್ಲ, ಅದನ್ನ ನೀವೇ ಹೇಳಬೇಕು, ಅದಕ್ಕೂ ಔಷಧಿ ಇದೆ. ನಂಬುವುದೇ? ಗಂಡ ಕೆಮ್ಮಿದ, ಬಾಯಿಪಾಠ ಮಾಡ್ಕೊಂಡು ಬರ್ತಾಳೆ ಡಾಕ್ಟ್ರೇ, ಅದನ್ನೇ ನಿಮಗೆ ಹೇಳ್ತಿದ್ದೆ. ಚಾಡಿಕೋರ! ಗುಸುಗುಸು ಇಷ್ಟೇನಾ, ಇಷ್ಟಕ್ಕೇನಾ, ಇನ್ನೂ ಏನಾದರೂ ಮುಚ್ಚಿಟ್ಟಿದ್ದಾರಾ, ಇಬ್ಬರ ಮುಖವನ್ನೂ ಬಟ್ಟೆಯ ಹಾಗೆ ಒಳಮಗ್ಗುಲು ತಿರುಗಿಸಿ ನೋಡಿದಳು, ಗಂಟು ಕಾಣಲಿಲ್ಲ, ನಾಲಿಗೆಯ ತುದಿಗೆ ಬಂದಿದ್ದ ಭೇಷಾದ ನಿದ್ದೆ ಅಲ್ಲೇ ನಿಂತಿತು, ನಿದ್ದೆ ಇಲ್ಲ ಅಂದಳು, ಅನ್ನ ಇಳಿಯಲ್ಲ ಅಂದಳು, ಮೂರನೆಯದನ್ನು ಹೇಳುವ ಮೊದಲೇ ಅದು ಬಂದುಬಿಟ್ಟಿತು.

ಹೊರಗೆ ಬೆಂಚಿನ ಮೇಲೆ ಗಂಡ ಊಟದ ಡಬ್ಬಿಯ ಮುಚ್ಚಳ ತೆಗೆದು ಅವಳ ಕೈಗಿಟ್ಟ, ಇಷ್ಟು ದೊಡ್ಡ ಡಬ್ಬಿ, ಯಾರು ತಿನ್ನುತ್ತಾರೆ ಇದನ್ನೆಲ್ಲ, ಎಲ್ಲಿ ಚೆಲ್ಲುವುದು — ಒಳಗೆ ನಾಲ್ಕೇ ತುತ್ತು, ಅವಳು ನಿಜವಾಗಿ ತಿನ್ನುವಷ್ಟೇ, ನಾಲ್ಕೇ ತುತ್ತು.