ಆರತಿಗೆ ಕಪ್ಪಾದ ವಿಳಾಸ

ನಾನೊಂದು ಅಂಟುಚೀಟಿ. ಪಾರ್ಸೆಲ್ ಡಬ್ಬಿಯ ಮೇಲೆ ಕೂತು ಇದು ಯಾರ ಮನೆ ಸೇರಬೇಕು ಎಂದು ಹೇಳುವ ಅಂಗೈಯಗಲದ ಬಿಳಿ ಕಾಗದ. ಲೇಬಲ್ ಎಂದರೆ ಎಲ್ಲರಿಗೂ ತಿಳಿಯುತ್ತದೆ. ನಮ್ಮ ಕುಲದವರಿಗೆ ಶಾಯಿ ಬೇಕಿಲ್ಲ. ಪ್ರಿಂಟರಿನ ಹೊಟ್ಟೆಯೊಳಗೆ ಒಂದು ಬಿಸಿ ಪಟ್ಟಿ ಇರುತ್ತದೆ. ಅದು ತಾಗಿದಲ್ಲೆಲ್ಲ ನಾವು ಕಪ್ಪಾಗುತ್ತೇವೆ, ಆ ಕಪ್ಪೇ ಅಕ್ಷರ. ಬರೆ ಹಾಕಿಸಿಕೊಂಡೇ ಹುಟ್ಟುವ ನಮಗೆ ಹೆದರಿಕೆಯನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. ಬೆಂಕಿ ಹತ್ತಿರ ಬಂದರೆ ಮೈಯೆಲ್ಲ ಕಪ್ಪು, ಬಿಸಿಲಿಗೆ ಬಿದ್ದರೆ ಇದ್ದ ಅಕ್ಷರವೂ ಮಾಯ. ಸುರುಳಿಯೊಳಗೆ ಅಣ್ಣತಮ್ಮಂದಿರೆಲ್ಲ ಬೆನ್ನಿಗೆ ಬೆನ್ನು ಹಚ್ಚಿ ಕೂತಿದ್ದಾಗ ನಮ್ಮ ಮಾತೆಲ್ಲ ಇದೇ. ಅವರೆಲ್ಲರಲ್ಲಿ ನಾನೇ ದೊಡ್ಡ ಪುಕ್ಕಲ, ಸುರುಳಿಯ ತುದಿಯಲ್ಲಿ ಎಲ್ಲರಿಗಿಂತ ಮುಂದೆ ಇದ್ದವನೂ ನಾನೇ.

ಸುರುಳಿ ಸಮೇತ ನಾನು ಹೋಗಿ ಸೇರಿದ್ದು ಬೆಟಗೇರಿಯ ಒಂದು ಸಣ್ಣ ಮನೆಗೆ. ಅಲ್ಲಿ ಅತ್ತೆ ಫಕೀರವ್ವ, ಸೊಸೆ ದಾನಮ್ಮ. ಫಕೀರವ್ವ ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಕೈಯಿಂದಲೇ ಹೊಲಿದು ಕೌದಿ ಮಾಡುವವಳು. ದಾನಮ್ಮ ಅವುಗಳ ಫೋಟೋ ತೆಗೆದು ಮೊಬೈಲಿನಲ್ಲೇ ಅಂಗಡಿ ಇಟ್ಟವಳು. ತೀರಿಹೋದ ತಾಯಿಯದೋ ಅಜ್ಜಿಯದೋ ಸೀರೆಗಳನ್ನು ಜನ ಇವರಿಗೆ ಕಳಿಸುತ್ತಾರೆ, ಇವರು ಅವನ್ನು ಕೌದಿ ಮಾಡಿ ಹಿಂದಕ್ಕೆ ಕಳಿಸುತ್ತಾರೆ. ಅಲ್ಲಿಯತನಕ ದಾನಮ್ಮ ವಿಳಾಸವನ್ನು ಬಾಲ್‌ಪೆನ್ನಿನಲ್ಲಿ ಬರೆಯುತ್ತಿದ್ದಳಂತೆ. ಪ್ರಿಂಟರ್ ಮನೆಗೆ ಬಂದದ್ದು ಆಗಷ್ಟೇ. ಅದರ ಬಾಯಿಂದ ಮೂಗು ಹೊರಗಿಟ್ಟುಕೊಂಡು ನಾನು ಇಡೀ ಮನೆ ನೋಡುತ್ತಿದ್ದೆ.

ಆಗ ಹೊಲಿಗೆಯಲ್ಲಿದ್ದದ್ದು ಬಳ್ಳಾರಿಯ ಹೇಮಾವತಿಯ ಕೌದಿ. ತುಂಬು ಬಸುರಿ, ಗಂಡ ಲಾರಿ ಡ್ರೈವರ್, ಯಾವಾಗಲೂ ದಾರಿಯ ಮೇಲೆ. ತಾಯಿ ಹಿಂದಿನ ಚಳಿಗಾಲದಲ್ಲಿ ತೀರಿಹೋಗಿದ್ದಳು. ಆಕೆ ಫೋನಿನಲ್ಲಿ ಹೇಳಿದ್ದನ್ನು ನಾನು ನನ್ನ ಕಿವಿಯಾರೆ ಕೇಳಿದೆ.

"ಅಕ್ಕಾರ, ಅವ್ವನ ಸೀರಿ ಇದ್ದದ್ದೆಲ್ಲಾ ಕಳಿಸೀನ್ರಿ. ಮನ್ಯಾಗ ಒಂದೂ ಉಳಿಸ್ಕೊಂಡಿಲ್ಲ. ಹೆರಿಗಿಗೆ ಅವ್ವ ಇಲ್ಲ. ನನಗ ಭಾಳ ಅಂಜಿಕಿ ಆಗೇತ್ರಿ. ಅವ್ವನ ಕೌದಿ ಆದ್ರೂ ಬಾಜೂಕ ಇರ್ಲಿ."

"ಅಂಜಬ್ಯಾಡ ತಂಗಿ," ಎಂದಳು ದಾನಮ್ಮ. "ಬ್ಯಾನಿ ಬರೂದ್ರೊಳಗ ಕೌದಿ ನಿನ್ನ ಕೈಯಾಗ ಇರ್ತೈತಿ. ನಾ ಮಾತು ಕೊಡ್ತೀನಿ."

ಮಾತು ಕೊಟ್ಟವಳು ಅವಳು, ಎದೆ ಡವಡವ ಅಂದದ್ದು ನನ್ನದು. ಆ ಸೀರೆಗಳು ಕಳೆದರೆ ಅವಕ್ಕೆ ಬದಲಿ ಇನ್ನೊಬ್ಬ ತಾಯಿಯನ್ನು ಎಲ್ಲಿಂದ ತರುವುದು?

ಕೌದಿ ಮುಗಿಯುವ ದಿನ ಫಕೀರವ್ವ ಒಂದು ಮೂಲೆಯನ್ನು ಹೊಲಿಯದೆ ಬಿಟ್ಟಳು. ಒಳಗೆ ಒಂದು ಚಿಟಿಕೆ ಜೋಳ ಹಾಕಿ ಆಮೇಲೆ ಅದನ್ನು ಹೊಲಿದು ಮುಚ್ಚಿದಳು. ಅದು ಅವಳ ಪದ್ಧತಿ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲವಂತೆ. ದಾನಮ್ಮ ಮೊಬೈಲ್ ಒತ್ತಿದಳು, ಪ್ರಿಂಟರ್ ಗುರ್ ಅಂದಿತು, ನನಗೆ ಬರೆ ಬಿತ್ತು. ಮೇಲೆ ಹೇಮಾವತಿಯ ಹೆಸರು, ನಡುವೆ ಮನೆ ನಂಬರು, ಅಡ್ಡರಸ್ತೆ, ಫೋನು. ಅದರ ಕೆಳಗೆ ‘ಬೇವಿನ ಮರದ ಎದುರು, ಬಳ್ಳಾರಿ’. ಒಂದು ಬದಿಗೆ ಬಾರ್‌ಕೋಡ್, ತೀರಾ ಕೆಳಗಿನ ಮೂಲೆಯಲ್ಲಿ ದಾನಮ್ಮನ ವಿಳಾಸ. ನನ್ನನ್ನು ಡಬ್ಬಿಗೆ ಅಂಟಿಸಿ ಅವಳು ಅಂಗೈಯಿಂದ ಸವರಿದಳು.

ಅಷ್ಟಕ್ಕೆ ಬಿಟ್ಟಿದ್ದರೆ ನನ್ನ ಕಥೆಯೇ ಇರುತ್ತಿರಲಿಲ್ಲ. "ಹೊಸಾ ಯಂತ್ರದ ಮೊದಲ್ನೇ ಕೂಸು. ಆರತಿ ಮಾಡದ ಹೆಂಗ ಕಳಸ್ತಿ?" ಎಂದಳು ಫಕೀರವ್ವ. ಅಷ್ಟರಲ್ಲಿ ಬಾಗಿಲಲ್ಲಿ ಕೊರಿಯರ್ ಗಾಡಿಯ ಹಾರ್ನ್ ಕೇಳಿಸಿತು. ದಾನಮ್ಮ ಹೊರಗೆ ಓಡಿದಳು. ಮುದುಕಿ ತಟ್ಟೆಯಲ್ಲಿ ಕರ್ಪೂರ ಹಚ್ಚಿಕೊಂಡು ಬಂದಳು. ಕಣ್ಣು ಮಂಜು, ಭಕ್ತಿ ಮಾತ್ರ ನಿಚ್ಚಳ. ದೇವರ ಮುಖಕ್ಕೆ ಬೀಳುವಂತೆ ನನ್ನ ಮುಖಕ್ಕೂ ಬೆಳಕು ಬೀಳಲಿ ಎಂದು ತಟ್ಟೆಯನ್ನು ನನ್ನ ಹತ್ತಿರ ತಂದಳು, ಇನ್ನೂ ಹತ್ತಿರ ತಂದಳು. ನಾನು ಕಿರುಚಿದೆ. ಕಾಗದದ ಕೂಗು ಯಾರಿಗೆ ಕೇಳೀತು? ಜ್ವಾಲೆ ನನ್ನನ್ನು ಮುಟ್ಟಲಿಲ್ಲ, ಅದರ ಬಿಸಿಯೇ ಸಾಕಾಯಿತು. ಎದೆಯ ನಡುವೆ ಕಪ್ಪು ಎದ್ದು ಹರಡಿತು. ಮನೆ ನಂಬರು ಹೋಯಿತು, ಅಡ್ಡರಸ್ತೆ ಹೋಯಿತು, ಫೋನ್ ನಂಬರೂ ಹೋಯಿತು.

ಫಕೀರವ್ವ ಬಗ್ಗಿ ನೋಡಿದಳು. ಹೆದರುತ್ತಾಳೆ, ಸೊಸೆಯನ್ನು ಕೂಗುತ್ತಾಳೆ ಅಂದುಕೊಂಡೆ. ಅವಳೋ ನಕ್ಕಳು!

"ತಾನಾಗೇ ದೃಷ್ಟಿ ಬೊಟ್ಟು ಬಿತ್ತು ನೋಡು. ಇನ್ನ ಯಾರ ಕಣ್ಣೂ ತಾಗೂದಿಲ್ಲ," ಎಂದು ಡಬ್ಬಿಗೆ ಕೈಮುಗಿದಳು. ದಾನಮ್ಮ ಅವಸರದಲ್ಲಿ ಬಂದವಳೇ ಡಬ್ಬಿಯನ್ನು ಮಗ್ಗುಲಾಗಿ ಎತ್ತಿ ಕೊರಿಯರಿನವನ ಚೀಲಕ್ಕೆ ಹಾಕಿದಳು. ನನ್ನ ಮುಖ ನೋಡಲೇ ಇಲ್ಲ.

ಮುಂದಿನ ಪ್ರಯಾಣ ಹೇಗಾಯಿತೆಂದು ಕೇಳಬೇಡಿ. ಕತ್ತಲ ಚೀಲ, ಮೇಲಿಂದ ಬೀಳುವ ಭಾರದ ಡಬ್ಬಿಗಳು, ಗೋದಾಮಿನಲ್ಲಿ ಎಸೆತ. ಪ್ರತಿ ಸಲ ಕೆಂಪು ಬೆಳಕಿನ ಯಂತ್ರ ಬಾರ್‌ಕೋಡ್ ನೋಡಿ ಪೀಂ ಅಂದಾಗ, ಸದ್ಯ ಇನ್ನೂ ಬದುಕಿದ್ದೇನೆ ಅಂದುಕೊಳ್ಳುತ್ತಿದ್ದೆ. ಯಂತ್ರಕ್ಕೆ ಊರು ಗೊತ್ತಾದರೆ ಸಾಕು. ಮನೆ ಬೇಕಾಗುವುದು ಮನುಷ್ಯನಿಗೆ.

ಬಳ್ಳಾರಿಯಲ್ಲಿ ಆ ಮನುಷ್ಯ ಗಾಡಿಯ ಮೇಲೆ ಗುಡ್ಡದಷ್ಟು ಪಾರ್ಸೆಲ್ ಹೇರಿಕೊಂಡಿದ್ದ. ನನ್ನನ್ನು ತಿರುವಿ ಮುರುವಿ ನೋಡಿದ. ಮನೆ ಹುಡುಕಲು ಸಿಕ್ಕ ಗುರುತು ಹೇಮಾವತಿ ಮತ್ತು ಬೇವಿನ ಮರ ಮಾತ್ರ. ಬಳ್ಳಾರಿಯಲ್ಲಿ ಬೇವಿನ ಮರಕ್ಕೇನು ಬರ? ಮೊದಲು ಕಂಡ ಮರದ ಎದುರು ಒಂದು ಹಸಿರು ಬಾಗಿಲಿತ್ತು, ಅದಕ್ಕೆ ಬೀಗ ಹಾಕಿತ್ತು. "ಹೇಮಾವತಿಯವ್ರೇ!" ಎಂದು ಒಂದು ಸಲ ಕೂಗಿದ. ಡಬ್ಬಿಯನ್ನು ಹೊಸ್ತಿಲ ಮುಂದಿಟ್ಟು ಮೊಬೈಲಿನಲ್ಲಿ ಫೋಟೋ ಹೊಡೆದು ಹೊರಟುಹೋದ. ನನ್ನ ಜನ್ಮದಲ್ಲಿ ತೆಗೆದದ್ದು ಅದೊಂದೇ ಫೋಟೋ, ಅದೂ ಸುಳ್ಳು ಸಾಕ್ಷಿ.

ಆ ಹೊತ್ತಿಗೆ ಬೆಟಗೇರಿಯಲ್ಲಿ ನಡೆದದ್ದನ್ನು ನಾನು ಆಮೇಲೆ ಫಕೀರವ್ವನ ಬಾಯಿಂದಲೇ ಕೇಳಿದೆ. ದಾನಮ್ಮನ ಮೊಬೈಲಿಗೆ ‘ಡೆಲಿವರ್ಡ್’ ಎಂದು ಬಂದಿತು. ಅವಳು ಅತ್ತೆಗೆ ಬೆಲ್ಲ ಕೊಟ್ಟು ಬಾಯಿ ಸಿಹಿ ಮಾಡಿಸಿದಳು. ಸಂಜೆ ಹೇಮಾವತಿಯ ಫೋನ್ ಬಂತು.

"ಅಕ್ಕಾರ, ಕೌದಿ ಇನ್ನೂ ಬಂದಿಲ್ರಿ."

ದಾನಮ್ಮ ಕೊರಿಯರ್ ಆಫೀಸಿಗೆ ಫೋನ್ ಮಾಡಿದರೆ, "ಫೋಟೋನೇ ಇದೆಯಲ್ಲ ಮೇಡಂ, ಇನ್ನೇನು ಸಾಕ್ಷಿ ಬೇಕು?" ಅಂದರು. ತಂದವನು ಮರುದಿನದಿಂದ ರಜೆಯಂತೆ, ಅವನ ಫೋನ್ ಬಂದ್. ಅವಳು ಫೋಟೋ ತೆರೆದು ದೊಡ್ಡದು ಮಾಡಿ ನೋಡಿದಳು. ಹಸಿರು ಬಾಗಿಲು, ಡಬ್ಬಿ, ಡಬ್ಬಿಯ ಮೇಲೆ ನಾನು, ನನ್ನ ಎದೆಯ ಮೇಲೆ ಕಪ್ಪು.

"ಅತ್ತೀ, ಇದೇನಿದು ಕರ್ರಗ?"

"ಅದಾ? ಆರತಿ ಹೊತ್ತಿನ್ಯಾಗ ಬಿತ್ತವ್ವ. ದೃಷ್ಟಿ ಬೊಟ್ಟು," ಎಂದಳಂತೆ ಮುದುಕಿ ನಗುತ್ತಲೇ. ಸೊಸೆಯ ಮುಖ ನೋಡಿದ ಮೇಲೆ ನಗು ನಿಂತಿತು.

ಇತ್ತ ನನ್ನ ಗತಿ ಕೇಳಿ. ಬಳ್ಳಾರಿಯ ಬಿಸಿಲು ನೇರ ನನ್ನ ಮುಖಕ್ಕೇ ಹೊಡೆಯುತ್ತಿತ್ತು. ಹೇಮಾವತಿಯ ಹೆಸರು ಗಳಿಗೆ ಗಳಿಗೆಗೂ ಮಸುಕಾಗುತ್ತಿತ್ತು. ಯಾರಾದರೂ ಕದ್ದರೆ? ನಾಯಿ ಎಳೆದರೆ? ಹೀಗೆ ಏನೇನೋ ನೆನೆದು ನಡುಗಿದೆ, ಬಂದದ್ದು ಮಾತ್ರ ನಾನು ನೆನೆಯದೇ ಇದ್ದದ್ದು. ಒಂದು ಕರೀ ಆಡು! ಡಬ್ಬಿಯನ್ನು ಮೂಸಿತು. ಮುದುಕಿ ತುಂಬಿಸಿದ್ದ ಜೋಳದ ವಾಸನೆ ಹಿಡಿಯಿತೋ ಏನೋ, ಮೂಲೆ ಕಚ್ಚಿತು. ದಾನಮ್ಮನ ವಿಳಾಸ ಬರೆದಿದ್ದ ನನ್ನ ಕೆಳತುದಿ ಅದರ ಹಲ್ಲಿಗೆ ಸಿಕ್ಕು ಹರಿದುಹೋಯಿತು. ರಟ್ಟು ತೂತಾಯಿತು. ತೂತಿನಿಂದ ಕೌದಿಯ ತುದಿಯನ್ನು ಎಳೆದು, ಹೊಲಿಗೆ ಬಿಚ್ಚಿ ಜೋಳ ತಿಂದಿತು. ಇನ್ನು ಇಳಕಲ್ ಸೀರೆಗೆ ಬಾಯಿ ಹಾಕಬೇಕು, ಅಷ್ಟರಲ್ಲಿ ಒಂದು ಕೋಲು ಬಿತ್ತು.

"ಥೂ, ಹಾಳಾದವಳೇ! ಯಾರ ಮನೆ ಸಾಮಾನಿಗೆ ಬಾಯಿ ಹಾಕ್ದೆ?"

ಆಡಿನ ಒಡತಿ ಖಾಜಾಬಿ, ಎದುರು ಮನೆಯ ಮುದುಕಿ. ಡಬ್ಬಿಯನ್ನು ಎತ್ತಿಕೊಂಡು ಹೋಗಿ ತನ್ನ ಮಂಚದ ಕೆಳಗೆ ತಳ್ಳಿದಳು. ಸಂಜೆ ದಾರಿಯಲ್ಲಿ ಹೋಗುವವರೊಬ್ಬರ ಕೈಲಿ ನನ್ನನ್ನು ಓದಿಸಿದಳು. ಅವರಿಗೂ ಮಸುಕಾದ ಒಂದು ಹೆಣ್ಣು ಹೆಸರು, ಒಂದು ಮರ ಬಿಟ್ಟರೆ ಏನೂ ಸಿಗಲಿಲ್ಲ. ಕಳಿಸಿದವರ ವಿಳಾಸ ಆಡಿನ ಹೊಟ್ಟೆಯಲ್ಲಿತ್ತು. ಮಂಚದ ಕೆಳಗೆ ಬಿಸಿಲಿರಲಿಲ್ಲ, ಸರಿ. ಇಲ್ಲೇ ಹೀಗೇ ಧೂಳು ಹಿಡಿದು ಹೋಗುತ್ತೇನೆ, ಅಲ್ಲಿ ಆ ಹೆಣ್ಣುಮಗಳು ಒಬ್ಬಳೇ ಹೆರುತ್ತಾಳೆ ಎಂಬ ಭಯ ಮಾತ್ರ ಬಿಸಿಲಿಗಿಂತ ಹೆಚ್ಚು ಸುಡುತ್ತಿತ್ತು.

ಮರುದಿನ ಬೆಳಗಿನ ರೈಲಿಗೆ ಅತ್ತೆ ಸೊಸೆ ಬಳ್ಳಾರಿಗೆ ಬಂದಿಳಿದರು. ಹೇಮಾವತಿಯ ಮನೆಗೆ ಹೋದರೆ ಬಾಗಿಲು ಹಾಕಿತ್ತು. ನಸುಕಿನಲ್ಲೇ ನೋವು ಶುರುವಾಗಿ ಹೆರಿಗೆ ಆಸ್ಪತ್ರೆಗೆ ಕರೆದೊಯ್ದರೆಂದು ಪಕ್ಕದವರು ಹೇಳಿದರು. ದಾನಮ್ಮ ಕೊಟ್ಟ ಮಾತು ಅಲ್ಲಿಗೇ ಮುರಿದಿತ್ತು. ಆದರೂ ಅವಳು ಮೊಬೈಲಿನಲ್ಲಿ ನನ್ನ ಫೋಟೋ ಹಿಡಿದು, ಅಡ್ಡರಸ್ತೆಯಿಂದ ಅಡ್ಡರಸ್ತೆಗೆ, ಬೇವಿನ ಮರದಿಂದ ಬೇವಿನ ಮರಕ್ಕೆ ನಡೆದಳು. ಹಿಂದಿನಿಂದ ಮುದುಕಿ.

"ಇದೇ ಬಾಗಲಾ ಅತ್ತೀ! ಇದೇ!"

ಮಂಚದ ಕೆಳಗಿದ್ದ ನನಗೆ ದಾನಮ್ಮನ ದನಿ ಕೇಳಿ ಜೀವ ಬಂದಂತಾಯಿತು. ಮರುಗಳಿಗೆಗೆ ಅವಳ ಅಳು ಕೇಳಿಸಿತು. ಬಾಗಿಲು ಸಿಕ್ಕಿತ್ತು, ಡಬ್ಬಿ ಇರಲಿಲ್ಲವಲ್ಲ! "ಯಾರೋ ಒಯ್ದುಬಿಟ್ಟಾರ್ರಿ ಅತ್ತೀ. ಆ ಹುಡಿಗಿಗೆ ಏನಂತ ಹೇಳ್ಲಿ? ನಿಮ್ಮವ್ವನ್ನ ನಾನೇ ಕಳದೆ ಅಂತ ಹೇಳ್ಲ್ಯಾ?" ಇಲ್ಲಿದ್ದೇನೆ, ಎದುರು ಮನೆಯಲ್ಲಿದ್ದೇನೆ ಎಂದು ನಾನು ಒಳಗೊಳಗೇ ಒದ್ದಾಡಿದೆ. ಹೆಜ್ಜೆ ದೂರವಾದವು. ಮುಗಿಯಿತು ಅಂದುಕೊಂಡೆ.

ಆಗ ಫಕೀರವ್ವನಿಗೆ ಬಾಯಾರಿತು. ತಿರುಗಿ ಬಂದು ಖಾಜಾಬಿಯ ಹೊಸ್ತಿಲಲ್ಲಿ ನಿಂತು, "ಯವ್ವಾ, ಒಂದೀಟು ನೀರು ಕೊಡ್ತೀ?" ಎಂದಳು. ಖಾಜಾಬಿ ಒಳಗೆ ಕರೆದು ಮಂಚದ ಮೇಲೆ ಕೂರಿಸಿದಳು. ನೆತ್ತಿಯ ಮೇಲೆ ಮಂಚದ ಹಗ್ಗ ಕಿರ್ರೆಂದಿತು. ಮುದುಕಿಯ ಹಿಮ್ಮಡಿ ನನಗಿಂತ ಗೇಣು ದೂರ. ನೀರು ಕುಡಿದಳು, ಕಣ್ಣೊರೆಸಿಕೊಂಡಳು.

"ಎಲ್ಲಾ ನಂದೇ ತಪ್ಪವ್ವ. ಆರತಿ ಮಾಡಾಕ ಹೋಗಿ ವಿಳಾಸಾನೇ ಸುಟ್ಟೆ. ಒಬ್ಬಾಕಿ ತಾಯಿ ಸೀರಿ ಕೌದಿ, ದಿಕ್ಕಾಪಾಲಾತು."

"ಕೌದಿನಾ?" ಖಾಜಾಬಿ ಬಗ್ಗಿದಳು. "ಡಬ್ಬಿ ಮೇಲೆ ಕರ್ರಗೆ ಐತಾ? ಇಲ್ಲೇ ಇಟ್ಟೀನಮ್ಮಾ! ತೂತಿನಾಗೆ ಸೀರೆ ಕಂಡ್ತು. ಯಾರೋ ಹೋದೋರ ಸೀರೆ ಇರಬೇಕಂತ ನಾನು ಕೈ ಹಚ್ಚಲಿಲ್ಲ."

ಫಕೀರವ್ವ ಡಬ್ಬಿಯನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತಳು. ಆಡು ಮಾಡಿದ ಕೆಲಸಕ್ಕೆ ನಾಚಿ ಖಾಜಾಬಿ ಒಂದು ಮುಷ್ಟಿ ಜೋಳವನ್ನು ಅವಳ ಸೆರಗಿಗೆ ಕಟ್ಟಿದಳು. ದಾನಮ್ಮ ಆಗಲೇ ಆಟೋ ಕೂಗುತ್ತಿದ್ದಳು.

ಆಸ್ಪತ್ರೆಯ ಪಡಸಾಲೆಯಲ್ಲಿ ಹೇಮಾವತಿ ಗೋಡೆ ಹಿಡಿದು ನಡೆಯುತ್ತಿದ್ದಳು. ಜೊತೆಗೆ ಪಕ್ಕದ ಮನೆಯ ಹೆಂಗಸೊಬ್ಬಳು. ದಾನಮ್ಮ ಡಬ್ಬಿ ಹರಿದು ಕೌದಿಯನ್ನು ಅವಳ ಹೆಗಲಿಗೆ ಹಾಕಿದಳು. ಹುಡುಗಿ ಅದರಲ್ಲಿ ಮುಖ ಹುದುಗಿಸಿ, "ಅವ್ವಾ" ಎಂದಳು. ನೋವು ಬಂದಾಗ ದಾನಮ್ಮನ ಮಣಿಕಟ್ಟನ್ನು ಉಗುರು ಊರುವಂತೆ ಹಿಡಿದಳು.

"ತಡಾ ಆತು ತಂಗಿ. ಅಂಜಿಕಿ ಕಡಿಮ್ಯಾತೇನು?"

"ಇಲ್ರಿ ಅಕ್ಕಾರ, ಅಂಜಿಕಿ ಐತ್ರಿ. ಆದ್ರ ಈಗ ಒಬ್ಬಾಕಿ ಅಲ್ರಿ."

ನರ್ಸು ಅವಳನ್ನು ಒಳಗೆ ಕರೆದೊಯ್ದಳು, ಕೌದಿ ಬಾಗಿಲ ಹೊರಗೇ ಉಳಿಯಿತು. ಫಕೀರವ್ವ ನೆಲಕ್ಕೆ ಕೂತು ಸೊಂಟದ ಚೀಲದಿಂದ ಸೂಜಿ ತೆಗೆದಳು. ಆಡು ಬಿಚ್ಚಿದ ಮೂಲೆಗೆ ಖಾಜಾಬಿಯ ಜೋಳ ತುಂಬಿದಳು. ಒಳಗಿನಿಂದ ಕೂಗು ಕೇಳಿದಾಗಲೆಲ್ಲ ಅವಳ ಸೂಜಿ ಬೆರಳಿಗೆ ಚುಚ್ಚುತ್ತಿತ್ತು. ಹರಿದ ಡಬ್ಬಿಯ ಮೇಲೆ ಬಿದ್ದಿದ್ದ ನನಗೆ ಅಷ್ಟು ಭಯ ಕರ್ಪೂರದ ಮುಂದೆಯೂ ಆಗಿರಲಿಲ್ಲ. ದಾನಮ್ಮ ಮಣಿಕಟ್ಟಿನ ಕೆಂಪು ಉಗುರು ಗುರುತನ್ನು ಉಜ್ಜುತ್ತ ಕೂತಿದ್ದಳು. ಕೌದಿ ಮುಟ್ಟಿತು ಅನ್ನುವುದಕ್ಕೆ ಆ ಫೋಟೋ ಸಾಕ್ಷಿಯಲ್ಲ, ಈ ಗುರುತೇ ಸಾಕ್ಷಿ.

ಫಕೀರವ್ವ ಕೈ ಚಾಚಿ ಡಬ್ಬಿಯಿಂದ ನನ್ನನ್ನು ಕಿತ್ತಳು. ಹೆಸರು, ಊರು, ಮರ ಎಲ್ಲ ಹರಿದು ಎಸೆದು ಕಪ್ಪಾದ ತುಂಡೊಂದನ್ನೇ ಉಳಿಸಿಕೊಂಡಳು.

"ಅತ್ತೀ! ಇಷ್ಟೆಲ್ಲಾ ಆದಮ್ಯಾಲೂ ಅದು ಬೇಕೇನ್ರಿ?" ಎಂದು ದಾನಮ್ಮ ಸಿಡುಕಿದಳು.

"ಇರ್ಲಿ ಬಿಡ. ಊರಂಬೋ ಊರಾಗ ಕಳದಿದ್ದು ಸಿಕ್ಕೈತಿ, ಆಡಿನ ಬಾಯಿಂದ ಉಳದೈತಿ. ಇದಕ್ಕ ದೃಷ್ಟಿ ಬೊಟ್ಟು ಅನ್ನದ ಮತ್ತೇನಂತಾರ?" ಎಂದ ಮುದುಕಿ ನನ್ನನ್ನು ಜೋಳದ ಜೊತೆ ಮೂಲೆಯೊಳಗೆ ಇಟ್ಟಳು. ಕೊನೆಯ ಹೊಲಿಗೆ ಎಳೆದು ದಾರ ಕಡಿಯುವುದಕ್ಕೂ ಒಳಗೆ ಮಗು ಅಳುವುದಕ್ಕೂ ಸರಿಹೋಯಿತು. ಹೆಣ್ಣು ಕೂಸು.

ನಾನೀಗ ಕೌದಿಯೊಳಗೆ ಮುದುಕನಾಗಿದ್ದೇನೆ. ಇಲ್ಲಿ ಬೆಂಕಿಯಿಲ್ಲ, ಬಿಸಿಲಿಲ್ಲ. ಬೆಟಗೇರಿಯಲ್ಲಿ ಈಗ ಪ್ರಿಂಟರಿಗೆ ಮಾತ್ರ ಆರತಿಯಂತೆ, ಅದೂ ದೂರದಿಂದ. ದಾನಮ್ಮ ಹೇಮಾವತಿಗೆ ಫೋನಿನಲ್ಲಿ ಹೇಳಿ ನಗುತ್ತಿದ್ದಳು. ನನ್ನ ಮೈಮೇಲಿನ ಕಪ್ಪು ಕೂಡ ಬರಬರುತ್ತ ಬಿಳಿಚಿಕೊಂಡಿದೆ. ಹೆಸರಿಲ್ಲ, ವಿಳಾಸವಿಲ್ಲ, ಬೊಟ್ಟೂ ಹೋಗುತ್ತಿದೆ. ಆದರೂ ಪ್ರತಿ ರಾತ್ರಿ ಒಂದು ಪುಟ್ಟ ಬೆಚ್ಚನೆಯ ಕೆನ್ನೆ ಈ ಮೂಲೆಗೇ ಹುಡುಕಿಕೊಂಡು ಬಂದು ಒರಗುತ್ತದೆ. ಹುಟ್ಟಿದಂದಿನಿಂದ ಬಿಸಿಗೆ ಹೆದರಿದವನು ನಾನು. ಆ ಬಿಸಿ ತಾಗಿದಾಗ ಕಪ್ಪಾಗಲಿಲ್ಲ, ಸುಡಲಿಲ್ಲ. ಪುಕ್ಕಲುತನ ಮಾತ್ರ ಇನ್ನೂ ಹೋಗಿಲ್ಲ. ಬೆಳಿಗ್ಗೆ ಮಗು ಎದ್ದು ಆಡಲು ಓಡಿದ ಮೇಲೆ ಈ ಮೂಲೆ ಮೆಲ್ಲಗೆ ತಣ್ಣಗಾಗುತ್ತದಲ್ಲ, ಆಗ ನನಗೆ ಹೆದರಿಕೆಯಾಗುತ್ತದೆ.