ದೊಡ್ಡಮ್ಮನ ಕಾರಿಗೆ ಹೊಗೆ

ಕೊಪ್ಪದಲ್ಲಿ ನಾವು ಹೋಗುವ ಎಮಿಷನ್ ಟೆಸ್ಟ್ ಸೆಂಟರ್ ಎಂದರೆ ಪೆಟ್ರೋಲ್ ಬಂಕಿನ ಪಕ್ಕ ನಿಂತಿರುವ ಒಂದು ಹಳೇ ವ್ಯಾನು. ಅದರೊಳಗೆ ಒಂದು ಕಂಪ್ಯೂಟರ್, ಒಂದು ಫ್ಯಾನು, ಮತ್ತೆ ರಶ್ಮಿ. ರಶ್ಮಿ ಹೈಸ್ಕೂಲಿನಲ್ಲಿ ನನ್ನ ಕ್ಲಾಸ್‌ಮೇಟು. ಆದರೂ ಆ ಮಂಗಳವಾರ ಅವಳು ನನ್ನ ಮುಖ ಕೂಡ ನೋಡದೆ ನಮ್ಮ ದೊಡ್ಡಮ್ಮನಿಗೆ ತೀರ್ಪು ಕೊಟ್ಟಳು. ಮೂರು ಪರ್ಸೆಂಟ್ ದಾಟಬಾರದ ಕಾರ್ಬನ್ ಮಾನಾಕ್ಸೈಡ್ ಐದು ಮುಕ್ಕಾಲು ಬಂದಿದೆ. ಫೇಲ್.

ನಾನು ಕೂಲಿಂಗ್ ಗ್ಲಾಸ್ ತೆಗೆದು, ದನಿ ದಪ್ಪ ಮಾಡಿ, "ಹೊಗೆ ಬಿಡೋ ಗಾಡಿ ನೋಡಿದೀಯ. ಹೊಗೆ ಹಾಕ್ಸೋ ಗಾಡಿ ನೋಡಿದೀಯಾ?" ಎಂದೆ. ರಶ್ಮಿ ನಗಲಿಲ್ಲ. ದೊಡ್ಡಮ್ಮನೂ ನಗಲಿಲ್ಲ. ವಿಷಯ ಗಂಭೀರ ಎಂದು ಆಗಲೇ ಗೊತ್ತಾದದ್ದು. ನನ್ನ ಎಷ್ಟು ಕೆಟ್ಟ ಡೈಲಾಗಿಗೂ ನಗುವ ಒಬ್ಬಳೇ ಪ್ರೇಕ್ಷಕಿ ದೊಡ್ಡಮ್ಮ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ, ಅಡ್ಡಗದ್ದೆಯ ಸುಲೋಚನಮ್ಮ. ವಯಸ್ಸು ಅರವತ್ತಾರು. ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತಳು, ಅದೂ ಇದೇ ಬಿಳಿ ಕಾರಿನಲ್ಲಿ, ತೊಂಬತ್ತೈದರ ಮಾಡಲ್ಲು. ಹೆಂಗಸರ ಕೈಲಿ ಎಲ್ಲಿ ಆಗ್ತದೆ ಎಂದು ಜಗಲಿಯಲ್ಲಿ ಕೂತು ನಕ್ಕವರೆಲ್ಲ ಒಬ್ಬೊಬ್ಬರಾಗಿ ಇದೇ ಕಾರಿನಲ್ಲಿ ಆಸ್ಪತ್ರೆಗೆ ಹೋಗಿ ಬಂದಿದ್ದಾರೆ. ತೋಟದ ಕೆಲಸಕ್ಕೆ ಬರುವ ಕಮಲಕ್ಕನಿಗೆ ಹಾವು ಕಚ್ಚಿದ ದಿನ ಶೃಂಗೇರಿಯವರೆಗೆ ಹೊಡೆದುಕೊಂಡು ಹೋದವಳೂ ಇವಳೇ. ಹಾವಿಗಿಂತ ಆ ತಿರುವುಗಳಿಗೇ ಹೆಚ್ಚು ಹೆದರಿದೆ ಎಂದು ಕಮಲಕ್ಕ ಈಗಲೂ ಹೇಳುತ್ತಾಳೆ.

ದೊಡ್ಡಮ್ಮನ ಮಗ ಪ್ರದೀಪಣ್ಣನಿಗೆ ಕೊಪ್ಪದಲ್ಲಿ ಗೊಬ್ಬರದ ಅಂಗಡಿ. ತುಂಬ ಒಳ್ಳೆಯವನು, ತೊಂದರೆಯೇ ಅದು. ಅಮ್ಮನಿಗೆ ಇನ್ನು ಕಷ್ಟ ಬೇಡ ಎಂದು ಹೊಸ ಕಾರು ಬುಕ್ ಮಾಡಿದ್ದ, ಓಡಿಸಲು ಡ್ರೈವರನ್ನೂ ಗೊತ್ತು ಮಾಡಿದ್ದ. ಹಳೇ ಕಾರಿನ ಆರ್‌ಸಿ ಶನಿವಾರಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ಎಮಿಷನ್ ಪಾಸಾದರೆ ರಿನ್ಯೂ ಮಾಡಿಸುವುದು, ಇಲ್ಲವಾದರೆ ಗುಜರಿ ಎಂದು ಅಮ್ಮ ಮಗನ ನಡುವೆ ಮಾತಾಗಿತ್ತು. ದೊಡ್ಡಮ್ಮ ಹೂಂ ಅಂದಿದ್ದಳು. ಅವಳು ಒಮ್ಮೆ ಹೂಂ ಅಂದದ್ದನ್ನು ಊಹೂಂ ಮಾಡಿದ್ದು ನಾನು ಕಂಡಿಲ್ಲ. ಅಂದರೆ, ಇನ್ನು ನಾಲ್ಕು ದಿನ. ಆಮೇಲೆ ಅವಳು ಜೀವನಪೂರ್ತಿ ಹಿಂದಿನ ಸೀಟು.

ಬುಧವಾರ ಪೇಟೆಯ ಮೆಕ್ಯಾನಿಕ್ ಬಸವೇಶ್ ಪ್ಲಗ್ ಬದಲಿಸಿದ, ಏರ್ ಫಿಲ್ಟರ್ ಹೊಸದು ಹಾಕಿದ, ಕಾರ್ಬುರೇಟರ್ ಬಿಚ್ಚಿ ತೊಳೆದ. ಗುರುವಾರ ಮತ್ತೆ ರಶ್ಮಿಯ ವ್ಯಾನು. ಐದೂವರೆ.

ಶುಕ್ರವಾರ ಕಥೆಗೆ ನಾನೇ ಇಳಿಯಬೇಕಾಯಿತು. ನನ್ನ ಗೆಳೆಯ ಲೋಕೇಶನದೂ ಬಿಳಿ ಕಾರು, ಹೊಸದು. ನಮ್ಮ ನಂಬರ್ ಪ್ಲೇಟ್ ಬಿಚ್ಚಿ ಅದಕ್ಕೆ ಹಾಕಿ, ರಶ್ಮಿ ಊಟಕ್ಕೆ ಹೋದಾಗ ಬದಲಿಗೆ ಕೂರುವ ಹುಡುಗನ ಹತ್ತಿರ ಫೋಟೋ ಹೊಡೆಸಿ ಟೆಸ್ಟ್ ಮಾಡಿಸಿದರೆ ಮುಗಿಯಿತು. ದೊಡ್ಡಮ್ಮ ಅಡಿಕೆ ಹೋಳು ಮಾಡುತ್ತ ಕೂತಿದ್ದಳು. ಫೈಟ್ ಸೀನಿಗೆ ಎಲ್ಲ ಹೀರೋಗಳೂ ಡ್ಯೂಪ್ ಹಾಕುತ್ತಾರೆ, ನಾವೂ ಹಾಕೋಣ ಎಂದು ವಿವರಿಸಿದೆ.

ಅವಳು ಅಡಕತ್ತರಿ ಕೆಳಗಿಟ್ಟಳು.

"ಏಟು ತಿನ್ನೋದು ಡ್ಯೂಪು, ಶಿಳ್ಳೆ ಹೊಡೆಸ್ಕೊಳ್ಳೋದು ಹೀರೋನಾ? ಬೇಡ ಮಾರಾಯ. ಫೇಲಾದ್ರೆ ನನ್ನ ಕಾರೇ ಫೇಲಾಗ್ಲಿ."

ಇಂಥ ಡೈಲಾಗನ್ನು ನಾನು ಜನ್ಮದಲ್ಲಿ ಬರೆಯಲಾರೆ. ಅದೂ ಅವಳು ಕೂಲಿಂಗ್ ಗ್ಲಾಸ್ ಇಲ್ಲದೆ ಹೇಳಿದ್ದು.

ಶನಿವಾರ ಬೆಳಿಗ್ಗೆ ಕೊನೆಯ ಪ್ರಯತ್ನವೆಂದು ಬಸರೀಕಟ್ಟೆಗೆ ಹೋದೆವು. ಅಲ್ಲಿ ಸುಬ್ಬಪ್ಪ ಎಂಬವರು ನಲವತ್ತು ವರ್ಷದಿಂದ ಎಸ್ಟೇಟಿನ ಹಳೇ ಪೆಟ್ರೋಲ್ ಜೀಪುಗಳ ಜೀವ ಹಿಡಿದಿಟ್ಟಿದ್ದಾರೆ. ನಾನು ದೊಡ್ಡ ಎಂಟ್ರಿ ನಿರೀಕ್ಷಿಸಿದ್ದೆ. ಅವರು ಬನಿಯನ್ನಿನಲ್ಲಿ ಬಂದು, ಬಾನೆಟ್ ಮುಟ್ಟದೆ, ದೊಡ್ಡಮ್ಮನ ಪಕ್ಕದ ಸೀಟಿನಲ್ಲಿ ಕೂತು, ಹೋಗಿ ಅಂದರು. ಎರಡು ಏರು, ಒಂದು ಇಳಿಜಾರು ಸುತ್ತಿ ಬಂದೆವು. ಸುಬ್ಬಪ್ಪ ಉದ್ದಕ್ಕೂ ಕಣ್ಣು ಮುಚ್ಚಿದ್ದರು. ಹಿಂದೆ ಕೂತ ನಾನು ನಿದ್ದೆ ಬಂತೆಂದೇ ತಿಳಿದೆ. ಕಾರು ನಿಂತಿತು. ಎಂಜಿನ್ ಆರಿಸಬೇಡಿ ಎಂದರು.

ಆಮೇಲೆ, "ಅಮ್ಮಾ, ಒಂದು ಕವಳ ಇದ್ರೆ ಕೊಡಿ" ಎಂದರು.

ಮೆಕ್ಯಾನಿಕ್ ಕೈ ಚೆಲ್ಲಿದಾಗ ಕೇಳುವುದೇ ಎಲೆ ಅಡಿಕೆ ಎಂದುಕೊಂಡೆ. ದೊಡ್ಡಮ್ಮ ಸ್ಟೀರಿಂಗ್ ಹತ್ತಿರ ನೇತಾಡುತ್ತಿದ್ದ ಎಲೆಸಂಚಿಯನ್ನು ಎಂದಿನಂತೆ ಸರಕ್ಕನೆ ಎಳೆದುಕೊಂಡು ಕೊಟ್ಟಳು. ಎಲೆಗೆ ಸುಣ್ಣ ಹಚ್ಚುತ್ತಿದ್ದ ಸುಬ್ಬಪ್ಪನವರ ಬೆರಳು ಅರ್ಧಕ್ಕೆ ನಿಂತಿತು.

"ಸಂಚಿ ಮೊದ್ಲಿನ ಜಾಗಕ್ಕೆ ಹಾಕಿ ನೋಡುವ."

ಹಾಕಿದಳು.

"ಈಗ ತೆಗೀರಿ."

ತೆಗೆದಳು. ಈ ಸಲ ನನಗೂ ಕೇಳಿಸಿತು. ಎಂಜಿನ್ನಿನ ದನಿ ಇನ್ನೂ ಒಂದು ಎಳೆ ದಪ್ಪವಾಗಿ, ನೆಗಡಿಯಾದವನ ಉಸಿರಿನ ಹಾಗೆ ತಡೆತಡೆದು ಬರತೊಡಗಿತು. ಸುಬ್ಬಪ್ಪ ಬಗ್ಗಿ, ಸಂಚಿ ನೇತಾಡುತ್ತಿದ್ದ ಕರಿ ಗುಂಡಿಯನ್ನು ಹೆಬ್ಬೆರಳಿನಿಂದ ಒಳಗೆ ಒತ್ತಿದರು. ಉಸಿರು ಸಲೀಸಾಯಿತು.

ಅದು ಚೋಕು. ಚಳಿಗೆ ಎಂಜಿನ್ ಏಳದಿದ್ದರೆ ಎಳೆಯಬೇಕು, ಬಿಸಿಯಾದ ಮೇಲೆ ಒತ್ತಿಬಿಡಬೇಕು. ಹಾಗೇ ಬಿಟ್ಟರೆ ಗಾಡಿ ಪೆಟ್ರೋಲನ್ನು ಮದುವೆ ಮನೆಯ ಪಾಯಸದಂತೆ ಕುಡಿದು ಹೊಗೆ ಬಿಡುತ್ತದೆ. ದೊಡ್ಡಮ್ಮ ಬೆಳಿಗ್ಗೆ ಒತ್ತಿಟ್ಟ ಗುಂಡಿಯೂ ಸಂಚಿ ಎಳೆದಾಗಲೆಲ್ಲ ಅದರ ಜೊತೆ ಸ್ವಲ್ಪ ಸ್ವಲ್ಪ ಈಚೆ ಬರುತ್ತಿತ್ತು. ಟೆಸ್ಟಿಗೆ ಇಳಿಯುವಾಗಲೂ ಅವಳು ಸಂಚಿ ಎಳೆದುಕೊಂಡೇ ಇಳಿದಿದ್ದಳು. ಎಲ್ಲರೂ ಬಾನೆಟ್ ಎತ್ತಿ ನೋಡಿದರು, ಡ್ಯಾಶ್‌ಬೋರ್ಡಿನ ಕೆಳಗೆ ಒಬ್ಬರೂ ಬಗ್ಗಲಿಲ್ಲ.

ನನ್ನ ಕಿವಿ ಬಿಸಿಯಾಯಿತು. ಮೊದಲೆಲ್ಲ ದೊಡ್ಡಮ್ಮ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ದಸರೆಯ ಹೊತ್ತಿಗೆ ಅದಕ್ಕೆ ದಾರ ಕಟ್ಟಿ, ಮಹಾರಾಣಿಯವರ ಖಜಾನೆ ಎಂದು ಘೋಷಿಸಿ, ತಮಾಷೆಗೆ ಆ ಗುಂಡಿಗೆ ನೇತುಹಾಕಿದ್ದು ನಾನು. ಅವಳಿಗೆ ಅನುಕೂಲವೆನಿಸಿ ಅಲ್ಲೇ ಉಳಿಯಿತು. ದನಿ ಬದಲಿಸದೆ, ನನ್ನದೇ ದನಿಯಲ್ಲಿ, ಅದನ್ನು ಹೇಳಿದೆ.

ದೊಡ್ಡಮ್ಮ ಕನ್ನಡಿಯಲ್ಲಿ ನನ್ನನ್ನು ನೋಡಿದಳು. "ನೇತು ಹಾಕಿದ್ದು ನೀನು ಹೌದು. ಆರು ತಿಂಗಳು ಎಳೆದಿದ್ದು ನಾನಲ್ದನಾ? ಇಷ್ಟು ವರ್ಷ ಓಡ್ಸಿದವಳಿಗೆ ಗೊತ್ತಾಗ್ಬೇಕಿತ್ತು."

ಸುಬ್ಬಪ್ಪ ಬಾನೆಟ್ ಎತ್ತಿ, ಒಂದೇ ಒಂದು ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ಕಣ್ಣು ಮುಚ್ಚಿ ಕೇಳಿ, ಸಾಕು ಅಂದರು. ಮಜೂರಿ ಕೇಳಿದರೆ ಬಾಯಲ್ಲಿದ್ದ ಕವಳ ತೋರಿಸಿದರು. ಆ ಮನುಷ್ಯನ ಕಿವಿಗೆ ಒಂದು ಕಟೌಟ್ ನಿಲ್ಲಿಸಬೇಕು.

ಮಧ್ಯಾಹ್ನ ರಶ್ಮಿ ಸೈಲೆನ್ಸರಿಗೆ ಪೈಪು ತೂರಿಸಿದಳು. ದೊಡ್ಡಮ್ಮ ಕಂಪ್ಯೂಟರ್ ಕಡೆ ನೋಡದೆ ಬಂಕಿನ ಬೋರ್ಡು ಓದುತ್ತ ನಿಂತಳು. ಎರಡು ಪಾಯಿಂಟ್ ಒಂದು. ಪಾಸ್. ರಶ್ಮಿ ಮೊದಲ ಬಾರಿ ನಕ್ಕಳು, ನನ್ನ ಡೈಲಾಗಿಗಲ್ಲ.

ಪ್ರದೀಪಣ್ಣನ ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಸರ್ಟಿಫಿಕೇಟನ್ನು ಕೌಂಟರಿನ ಮೇಲಿಟ್ಟು ಸುಮ್ಮನಿದ್ದರೆ ಸಾಕಿತ್ತು. ದೊಡ್ಡಮ್ಮ ಸುಮ್ಮನಿರಲಿಲ್ಲ. ತಪ್ಪು ಕಾರಿನದಲ್ಲ, ತನ್ನದು, ಎಲೆಸಂಚಿಯದು ಎಂದು ಎಲ್ಲರೆದುರು ಮೊದಲಿನಿಂದ ಕೊನೆವರೆಗೆ ಹೇಳಿದಳು. ದಾರ ಕಟ್ಟಿದವನ ಹೆಸರು ಮಾತ್ರ ಅದರಲ್ಲಿ ಬರಲಿಲ್ಲ. ನಾನೇ ಕೈ ಎತ್ತಿದೆ.

ಪ್ರದೀಪಣ್ಣ ನಕ್ಕು ನಕ್ಕು ಕಣ್ಣೊರೆಸಿಕೊಂಡ. "ಆಯ್ತು, ಸೋತೆ. ಆ ಡ್ರೈವರಿಗೆ ಎಂತ ಹೇಳ್ಲಿ ಈಗ?"

"ನೀನೇ ಇಟ್ಕೋ. ನಿನ್ನ ಡ್ರೈವಿಂಗ್ ನೋಡಿದ್ರೆ ನಂಗೆ ಹೆದರಿಕೆ ಆಗ್ತದೆ" ಎಂದು ಅವಳು ಕೀ ತೆಗೆದುಕೊಂಡು ಹೊರಟಳು.

ವಾಪಸ್ ಬರುವಾಗ ಸಂಚಿ ನನ್ನ ತೊಡೆಯ ಮೇಲಿತ್ತು. ಶೃಂಗೇರಿ ರಸ್ತೆಯ ತಿರುವುಗಳನ್ನು ಅವಳು ಒಂದೊಂದಾಗಿ, ಗೆರೆ ಎಳೆದ ಹಾಗೆ, ತೆಗೆದುಕೊಳ್ಳುತ್ತಿದ್ದಳು. ಕವಳ ಕಟ್ಟಲು ಹೇಳಿದಳು. ನಾನು ಅಡಿಕೆ ಕತ್ತರಿಸಿ, ಎಲೆ ಒರೆಸಿ, ಮಂಗಳವಾರದಿಂದ ಕ್ಲೈಮ್ಯಾಕ್ಸಿಗೆಂದು ಕಾದಿಟ್ಟಿದ್ದ ಡೈಲಾಗ್ ಹೊಡೆಯಲು ಬಾಯಿ ತೆರೆದೆ.

"ಸುಣ್ಣ ಜಾಸ್ತಿ ಹಚ್ಬೇಡ" ಎಂದಳು, ರಸ್ತೆಯಿಂದ ಕಣ್ಣು ತೆಗೆಯದೆ.