ನಾಲ್ಕನೆಯ ಎಲೆ

"ಪಾಪಣ್ಣ, ಎಲೆ ಮೂರ್ ಆಕ್ಲಾ, ನಾಕ್ ಆಕ್ಲಾ? ಅದೊಂದ್ ಯೋಳ್ಬುಡು."

ಬಾಳೆ ಎಲೆಯ ಸುರುಳಿ ಹಿಡಿದು ಮಾದಮ್ಮ ಪಾಪಯ್ಯನ ಜಗುಲಿಯ ಮುಂದೆ ನಿಂತಿದ್ದಳು. ಮಹಾಲಯ ಅಮಾವಾಸ್ಯೆ; ಮೊಸಳೆ ಎಂಬ ಆ ಊರಿನ ಮನೆಮನೆಯಲ್ಲೂ ತೀರಿಹೋದವರಿಗೆ ಎಡೆ ಇಡುವ ದಿನ. ಅತ್ತೆ, ಮಾವ, ಮೈದುನನಿಗೆ ಮೂರು ಎಲೆ. ನಾಲ್ಕನೆಯದು ಅವಳ ಗಂಡ ನಂಜಪ್ಪನದು.

ನಂಜಪ್ಪ, ಪಾಪಯ್ಯ ಒಟ್ಟಿಗೇ ಮಲಯಾದ ರಬ್ಬರ್ ತೋಟಕ್ಕೆ ಕೂಲಿಗೆ ಹೋದವರು. ಯುದ್ಧ ಬಂತು. ಜಪಾನಿನವರು ತೋಟದ ಆಳುಗಳನ್ನು ಸಯಾಮಿನ ಕಾಡಿಗೆ ಅಟ್ಟಿ ರೈಲುದಾರಿ ಹಾಕಿಸಿದರು. ಯುದ್ಧ ಮುಗಿದ ಮರುವರ್ಷ ಊರಿಗೆ ಬಂದವನು ಪಾಪಯ್ಯ ಒಬ್ಬನೇ. "ದಾರೀಲಿ ಬ್ಯಾರೆ ಬ್ಯಾರೆ ಆದೊ, ಬತ್ತಾನೆ" ಎಂದು ಅವನಾಡಿದ ಸುಳ್ಳಿಗೆ ಜೋತುಬಿದ್ದು ಮಾದಮ್ಮ ಬಳೆ, ಕುಂಕುಮ ಉಳಿಸಿಕೊಂಡಿದ್ದಳು. ಬೀದಿಯಲ್ಲಿ ಆ ಬಳೆ ಸದ್ದು ಕೇಳಿದರೆ ಪಾಪಯ್ಯ ಒಳಗೆ ಹೋಗಿ ಕದ ಮುಚ್ಚಿಕೊಳ್ಳುತ್ತಿದ್ದ.

"ಬದ್ಕಿರೋರ್ಗೆ ಎಡೆ ಇಕ್ಕುದ್ರೆ ನನ್ ಕೈಯಾರೆ ಕೊಂದಂಗೆ. ಇಲ್ದೋರ್ಗೆ ಇಕ್ದೆ ಓದ್ರೆ ಅಸ್ಕಂಡು ಬಾಗ್ಲಲ್ಲೇ ನಿಂತಿರ್ತರೆ. ನಿಜ ಯೋಳಣ್ಣ."

ಹಸಿವು ಎಂದಳಲ್ಲ, ಪಾಪಯ್ಯನಿಗೆ ತಡೆಯಲಾಗಲಿಲ್ಲ.

"ನಾಕು ಆಕು, ಅತ್ಗೆ."

ಬಾಯಿ ತೆರೆದದ್ದೇ ತಡ, ಉಳಿದದ್ದೂ ಬಂದುಬಿಟ್ಟಿತು. "ಜ್ವರ ಬಂದು ನನ್ ಪಕ್ಕದಲ್ಲೇ ಓದ. ನಾನ್ ಯಾರ್ಗೂ ಯೋಳ್ನಿಲ್ಲ. ಗೋಣಿ ಒದ್ದಿಸ್ದೆ, ಮಲ್ಗವ್ನೆ ಅಂದೆ. ಉಸ್ರಿದ್ರೆ ತಾನೆ ಜಪಾನ್ನೋರು ಅನ್ನದ್ ಪಾಲು ಕೊಡೋದು? ಎಲ್ಡು ದಿನ... ಅವ್ನ್ ಅನ್ನನ ಅವ್ನ್ ಮಗ್ಗುಲಲ್ಲೇ ಕುಂತು ಉಂಡೆ."

ಮಾದಮ್ಮ ಅಳಲಿಲ್ಲ, ಬಯ್ಯಲೂ ಇಲ್ಲ. ಬಯ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಎಲೆ ಎದೆಗವಚಿಕೊಂಡು ಹೊರಟುಹೋದಳು.

ಸಾವಿನ ಸುದ್ದಿ ಬಂದ ದಿನವೇ ಎಡೆ ಇಡಬಾರದು, ಸೂತಕ ಎಂದು ನೆರೆಯವರು ತಡೆದರು, ಅವಳು ಕೇಳಲಿಲ್ಲ. ನಾಲ್ಕೂ ಎಡೆ ಇಟ್ಟು, ಧೂಪ ಹಾಕಿ, ಹಿರಿಯರು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ಕಾದಳು. ಆಮೇಲೆ ಪಾಪಯ್ಯನಿಗೆ ಹೇಳಿಕಳಿಸಿದಳು. ಅವನು ತಲೆ ತಗ್ಗಿಸಿಕೊಂಡೇ ಬಂದ.

ನಾಲ್ಕನೆಯ ಎಲೆಯ ಮುಂದೆ ಚಾಪೆ ಹಾಸಿತ್ತು. ಎಲೆಯ ತುಂಬ ಅನ್ನ.

"ಎಡೆ ಮನೇವ್ರೇ ಉಣ್ಬೇಕು. ಅವ್ರ ಪಾಲು ಉಣ್ಣಕ್ಕೆ ನೀನಲ್ದೆ ಇನ್ಯಾರವ್ರಣ್ಣ? ಕುಂತ್ಕೊ."

ತುಪ್ಪ ಬಡಿಸಲು ಅವಳು ಬಗ್ಗಿದಳು. ಕೈಯಲ್ಲಿ ಬಳೆ ಇರಲಿಲ್ಲ. ಪಾಪಯ್ಯ ಮಗ್ಗುಲಲ್ಲಿ ಒಬ್ಬರಷ್ಟು ಜಾಗ ಬಿಟ್ಟು ಚಾಪೆಯ ಅಂಚಿಗೆ ಸರಿದು ಕುಳಿತ. ಆಮೇಲೆ ಅನ್ನಕ್ಕೆ ಕೈ ಹಾಕಿದ.